ಕುರ್ಚಿಯ ಹಿಂದಿನ ಹಲಗೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಿಂದ ದಯಮಾಡಿಸಿರತಕ್ಕ ವೈದ್ಯರೆ, ಶುಶ್ರೂಷಕಿಯರೆ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರೆ, ಸಭಿಕ ಮಹಾಶಯರೆ,

ಸರ್ಕಾರಿ ಅಧಿಕಾರಿಯೊಬ್ಬರ ಕೋಣೆಯಲ್ಲಿ ಅವರ ಬರವನ್ನು ನಿರೀಕ್ಷಿಸುತ್ತ ಕುಳಿತಿರುವ ಪ್ರಸಂಗ ನಿಮ್ಮಲ್ಲಿ ಯಾರಿಗೆ ತಾನೆ ಒದಗಿಲ್ಲ? ಆಗ ಕಣ್ಣಿಗೆ ಬೇರೆ ಕೆಲಸವಿಲ್ಲದ ಕಾರಣ ಅದು ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿದ ಮರದ ಹಲಗೆಯ ಮೇಲೆ ಹೋಗಿ ನಿಲ್ಲುತ್ತದೆ. ಆ ಕುರ್ಚಿಯಲ್ಲಿ ಕುಳಿತು ಎದ್ದುಹೋದವರ ಹೆಸರುಗಳೂ, ಹೆಸರಿನೆದುರಿಗೆ 'ಇಂದ', 'ವರೆಗೆ' ಎಂಬೆರಡು ದಿನಾಂಕಗಳೂ ಅಲ್ಲಿ ಬಿಳಿಯ ಅಕ್ಷರಗಳಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಕೆಲವು ವರ್ಷಗಳ ಕೆಳಗೆ, ಜ್ವರದಿಂದ ಬಳಲುತ್ತಿದ್ದ ನನ್ನ ನೆಂಟರೊಬ್ಬರನ್ನು ಕರೆದುಕೊಂಡು ಈ ಸೀಮೆಯ ಒಂದು ದವಾಖಾನೆಗೆ (ಅದರ ಹೆಸರು ಇಲ್ಲಿ ಬೇಡ) ಹೋಗಿದ್ದಾಗ, ಅಂತಹ ಹಲಗೆಯೊಂದನ್ನು ಮುಕ್ಕಾಲು ಗಂಟೆಯ ಕಾಲ ಓದುವ ಯೋಗ ನನಗೆ ಲಭಿಸಿತು. ಮೇಲಿನ ಸಾಲುಗಳಲ್ಲಿದ್ದವರು ಐದು ವರ್ಷ, ಆರು ವರ್ಷ ಇದ್ದುಹೋದವರು. ಕೆಳಗಿಳಿದಂತೆ ವರ್ಷಗಳು ತಿಂಗಳುಗಳಾಗುತ್ತ ಬಂದಿದ್ದವು. ಕೊನೆಕೊನೆಗೆ ಸ್ಥಳ ಸಾಲದೆ ಬಣ್ಣ ಬರೆಯುವವನು ಅಕ್ಷರಗಳನ್ನು ಕಿರಿದುಗೊಳಿಸಿ, ಕಟ್ಟಕಡೆಯ ಹೆಸರಿನ ಮುಂದೆ 'ಪ್ರಭಾರ' ಎಂದು ಬರೆದು ಕೈತೊಳೆದುಕೊಂಡಿದ್ದನು. ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ಅಷ್ಟರಲ್ಲಿ ಜವಾನನನ್ನು ಕೇಳಿದಳು: "ಮೊನ್ನಿ ಇದ್ದ ಡಾಕ್ಟ್ರು ಎಲ್ಲಿ ಹೋದ್ರೋ ಯಪ್ಪಾ? ಅವರು ಕೊಟ್ಟ ಗುಳಿಗಿ ನನಗ ಛಲೋ ಹತ್ತಿತ್ತು." ಅಂಕಿಅಂಶಗಳ ಗುಮಾಸ್ತಿಕೆಯಲ್ಲಿಯೇ ತಲೆ ನರೆಸಿಕೊಂಡ ನನಗೆ, ನನ್ನ ವೃತ್ತಿಯು ಕೇಳಬೇಕಾಗಿದ್ದು ಕೇಳದೆ ಬಿಟ್ಟ ಪ್ರಶ್ನೆಯನ್ನು ಆ ಮುದುಕಿಯು ಕೇಳಿದಳೆಂದು ಅಂದು ತೋರಿತು. ಇಂದಿನ ಉಪನ್ಯಾಸವೆಲ್ಲ ಆಕೆಯ ಪ್ರಶ್ನೆಯ ವ್ಯಾಖ್ಯಾನವೇ ಆಗಿದೆ.

ನಮ್ಮ ಆರೋಗ್ಯ ಇಲಾಖೆಯ ಸಿಬ್ಬಂದಿಯ ಲೆಕ್ಕವು ಮೂರು ಕಲಮುಗಳಲ್ಲಿ ಮುಗಿಯುತ್ತದೆ: ಮಂಜೂರು, ಭರ್ತಿ, ಖಾಲಿ. ವಿಧಾನಮಂಡಲದ ಪ್ರಶ್ನೋತ್ತರವಾಗಲಿ, ತಾಲ್ಲೂಕಿನ ಪ್ರಗತಿ ಪರಿಶೀಲನಾ ಸಭೆಯಾಗಲಿ, ವೃತ್ತಪತ್ರಿಕೆಯ ವರದಿಯಾಗಲಿ, ಈ ಮೂರರಾಚೆಗೆ ಹೆಜ್ಜೆಯಿಡುವುದು ವಿರಳ. ಖಾಲಿಯೆಂಬ ಕಲಮು ದೊಡ್ಡದಾದರೆ ಕೂಗೇಳುತ್ತದೆ, ಅದು ನ್ಯಾಯವೇ. ಆದರೆ ಭರ್ತಿಯೆಂಬ ಕಲಮಿನೊಳಗೆ ಏನು ನಡೆಯುತ್ತಿದೆಯೆಂಬುದನ್ನು ಯಾರೂ ಇಣುಕಿ ನೋಡುವುದಿಲ್ಲ. ಮೂರು ವರ್ಷಗಳಲ್ಲಿ ಐವರು ಬಂದುಹೋದ ಹುದ್ದೆಯೂ, ಮೂರು ವರ್ಷ ಒಬ್ಬಳೇ ನಿಂತು ದುಡಿದ ಹುದ್ದೆಯೂ ಮಾರ್ಚಿ 31ನೆಯ ತಾರೀಖಿನ ತಃಖ್ತೆಯಲ್ಲಿ ಸರಿಸಮಾನವಾಗಿ 'ಭರ್ತಿ' ಎನಿಸಿಕೊಳ್ಳುತ್ತವೆ.

ತುಂಗಭದ್ರೆಯ ಎಡದಂಡೆಯ ನೀರನ್ನುಂಡು ಭತ್ತ ಬೆಳೆಯತಕ್ಕ ಸಿಂಧನೂರಿನ ರೈತರಿಗೆ ಇದನ್ನು ನಾನು ವಿವರಿಸಿ ಹೇಳಬೇಕಾಗಿಲ್ಲ. ಜಲಾಶಯದ ಸುದ್ದಿಯನ್ನು ಓದುವಾಗ ಅವರು ನೀರಿನ ಮಟ್ಟವೊಂದನ್ನೇ ನೋಡಿ ಪತ್ರಿಕೆಯನ್ನು ಮಡಿಚಿಡುವುದಿಲ್ಲ; ಒಳಹರಿವೆಷ್ಟು, ಹೊರಹರಿವೆಷ್ಟು ಎಂಬ ಸಾಲುಗಳವರೆಗೂ ಕಣ್ಣಾಡಿಸುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಜಲಾಶಯವು ತುಂಬಿಯೇ ಇದ್ದಿತು. ತುಂಬಿದ ಕೆರೆಯೆಂಬ ಸಮಾಧಾನವು ಎಷ್ಟು ಹುಸಿಯಾಗಬಲ್ಲುದೆಂಬುದನ್ನು ಈ ಭಾಗದ ಜನರು ಆ ವಾರವೆಲ್ಲ ಉಸಿರು ಬಿಗಿಹಿಡಿದು ಕಂಡರು. ಹುದ್ದೆಗಳ ಭರ್ತಿಯು ಮಟ್ಟದ ಲೆಕ್ಕ; ಸಿಬ್ಬಂದಿಯ ನಿರ್ಗಮನವು ಹರಿವಿನ ಲೆಕ್ಕ. ಕಾಲುವೆಗೆ ಎರಡನ್ನೂ ಇಟ್ಟುಕೊಂಡಿರುವ ನಾವು ದವಾಖಾನೆಗೆ ಒಂದನ್ನು ಮಾತ್ರ ಇಟ್ಟುಕೊಂಡಿದ್ದೇವೆ.

ಮಸ್ಕಿಯವರು ಸಭೆಯಲ್ಲಿರುವಾಗ ಮಸ್ಕಿಯ ಶಾಸನವನ್ನು ನೆನೆಯದೆ ಮುಂದುವರಿಯುವುದು ಅಪಚಾರವಾದೀತು. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರನು ಚಿನ್ನವನ್ನು ಹುಡುಕುತ್ತ ಅಲೆದಾಡುತ್ತಿದ್ದಾಗ ಚಿನ್ನಕ್ಕಿಂತ ಬೆಲೆಬಾಳುವ ಆ ಬಂಡೆಯನ್ನು ಕಂಡನು. ಅದಕ್ಕೆ ಮೊದಲು ದೊರೆತಿದ್ದ ಶಾಸನಗಳಲ್ಲೆಲ್ಲ 'ದೇವಾನಾಂಪ್ರಿಯ'ನೆಂಬ ಬಿರುದು ಇದ್ದಿತೇ ಹೊರತು ಅದನ್ನು ಧರಿಸಿದವನ ಹೆಸರಿರಲಿಲ್ಲ. ವಿದ್ವಾಂಸರು ಸಿಂಹಳದ ಇತಿಹಾಸಗ್ರಂಥಗಳನ್ನು ಆಧರಿಸಿ ಊಹಿಸಿದ್ದುದನ್ನು, ಅಶೋಕನೆಂಬ ಹೆಸರನ್ನು ಸ್ಪಷ್ಟವಾಗಿ ಹೇಳಿ ಸ್ಥಿರಪಡಿಸಿದ್ದು ಮಸ್ಕಿಯ ಕಲ್ಲು. ನಮ್ಮ ಸಿಬ್ಬಂದಿಯ ತಃಖ್ತೆಗಳೂ ಮಸ್ಕಿಪೂರ್ವದ ಶಾಸನಗಳಂತೆಯೇ ಇವೆಯಲ್ಲವೆ? ಅವುಗಳಲ್ಲಿ ಪದವಿಗಳಿವೆ: ಶುಶ್ರೂಷಾಧಿಕಾರಿ, ಪ್ರಯೋಗಶಾಲಾ ತಂತ್ರಜ್ಞ, ಔಷಧಾಧಿಕಾರಿ. ಆ ಪದವಿಯಲ್ಲಿ ಯಾರು ಎಂದಿನಿಂದ ಎಂದಿನವರೆಗೆ ಇದ್ದರೆಂಬುದಿಲ್ಲ. ಹುದ್ದೆಯನ್ನು ಬಿಟ್ಟು ವ್ಯಕ್ತಿಯನ್ನು ಹಿಂಬಾಲಿಸದ ಹೊರತು ನಿರ್ಗಮನವನ್ನು ಅಳೆಯುವುದು ಸಾಧ್ಯವೇ ಇಲ್ಲ.

ಅಳೆಯುವ ವಿದ್ಯೆಯೇನೋ ಹಳೆಯದು. ಅಮೆರಿಕದ ಸಮ್ನರ್ ಸ್ಲಿಕ್ಟರನು ಕಾರ್ಖಾನೆಯ ಕಾರ್ಮಿಕರ ಹೋಗುಬರುವನ್ನು ಕುರಿತು 1919ರಲ್ಲಿಯೇ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಅದಕ್ಕೆ ಮುನ್ನ, 1913ರಲ್ಲಿ, ಫೋರ್ಡ್ ಮೋಟಾರು ಕಾರ್ಖಾನೆಯಲ್ಲಿ ವಾರ್ಷಿಕ ನಿರ್ಗಮನದರವು ಶೇಕಡ 370ಕ್ಕೆ ಏರಿದ್ದಿತು. ಎಂದರೆ ನೂರು ಜನರ ಕೆಲಸವನ್ನು ನಡೆಯಿಸಲು ವರ್ಷವೊಂದಕ್ಕೆ 370 ಜನರನ್ನು ಹೊಸದಾಗಿ ತರಬೇಕಾಗಿದ್ದಿತು. ಮರುವರ್ಷ ಜನವರಿಯಲ್ಲಿ ಫೋರ್ಡನು ದಿನಗೂಲಿಯನ್ನು ಐದು ಡಾಲರುಗಳಿಗೆ ಏರಿಸಿದ್ದಕ್ಕೆ ಔದಾರ್ಯಕ್ಕಿಂತ ಈ ಲೆಕ್ಕವೇ ಹೆಚ್ಚಿನ ಕಾರಣವೆಂದು ನನ್ನ ಭಾವನೆ. ಇಂದು ಆ ದೇಶದ ಕಾರ್ಮಿಕ ಅಂಕಿಅಂಶ ಇಲಾಖೆಯು 2000ದ ಡಿಸೆಂಬರಿನಿಂದ ತಿಂಗಳು ತಿಂಗಳೂ, ಆರೋಗ್ಯ ಮತ್ತು ಸಮಾಜಸೇವೆಯ ಕ್ಷೇತ್ರವನ್ನೂ ಒಳಗೊಂಡಂತೆ, ತಾವಾಗಿ ಬಿಟ್ಟವರೆಷ್ಟು, ಬಿಡಿಸಲ್ಪಟ್ಟವರೆಷ್ಟು, ನಿವೃತ್ತಿಯೇ ಮೊದಲಾದ ಇತರ ಕಾರಣಗಳಿಂದ ಹೋದವರೆಷ್ಟು ಎಂದು ಬೇರ್ಪಡಿಸಿ ಹೇಳುತ್ತ ಬಂದಿದೆ. ನಮ್ಮಲ್ಲಿಯೂ ಕಾರ್ಖಾನೆಗಳ ಮಟ್ಟಿಗೆ ಈ ಲೆಕ್ಕವುಂಟು. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯ ಆಧಾರದ ಮೇಲೆ ಕೇಂದ್ರದ ಲೇಬರ್ ಬ್ಯೂರೋ ಗೈರುಹಾಜರಿಯನ್ನೂ ಕಾರ್ಮಿಕರ ಹೋಗುಬರುವನ್ನೂ ಗಣಿಸಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಯಲ್ಲಿ ಭೂಮಿಯೊಳಕ್ಕೆ ಇಳಿದವರು ಯಾರು, ಮೇಲಕ್ಕೆ ಬಂದವರು ಯಾರು ಎಂಬುದನ್ನು ಪಾಳಿ ಪಾಳಿಗೂ ಬರೆದಿಡಲೇಬೇಕು. ಆಸ್ಪತ್ರೆಯ ಹೆರಿಗೆ ಕೋಣೆಯೊಳಕ್ಕೆ ಇಳಿದು ಮೇಲೆ ಬಾರದೆಯೇ ಹೋದ ಶುಶ್ರೂಷಕಿಯರ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿಲ್ಲ.

ಸೂತ್ರವು ಮಗುವಿಗೂ ತಿಳಿಯುವಂತಹುದು: ವರ್ಷದಲ್ಲಿ ಬಿಟ್ಟುಹೋದವರ ಸಂಖ್ಯೆಯನ್ನು ವರ್ಷದ ಸರಾಸರಿ ಸಿಬ್ಬಂದಿಯ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ನಿರ್ಗಮನದರವು ದೊರೆಯುತ್ತದೆ. ಆದರೆ ಸುಲಭವಾದ ಸೂತ್ರಗಳು ಸುಲಭವಾಗಿಯೇ ವಂಚಿಸುತ್ತವೆ. ನಲವತ್ತು ಜನ ಶುಶ್ರೂಷಕಿಯರಿರುವ ಎರಡು ಆಸ್ಪತ್ರೆಗಳನ್ನು ಕಲ್ಪಿಸಿಕೊಳ್ಳಿ. ಎರಡರಲ್ಲಿಯೂ ವರ್ಷಕ್ಕೆ ಹನ್ನೆರಡು ನಿರ್ಗಮನಗಳು. ಎರಡರ ದರವೂ ಶೇಕಡ 30. ಮೊದಲನೆಯದರಲ್ಲಿ ಹನ್ನೆರಡು ಬೇರೆ ಬೇರೆ ಹುದ್ದೆಗಳಿಂದ ಒಬ್ಬೊಬ್ಬರು ಹೋದರು. ಎರಡನೆಯದರಲ್ಲಿ ಮೂರೇ ಹುದ್ದೆಗಳಿಂದ ನಾಲ್ಕು ನಾಲ್ಕು ಸಾರಿ ಜನ ಬಂದು ಬಂದು ಹೋದರು. ವರ್ಷಾರಂಭದಲ್ಲಿದ್ದ ನಲವತ್ತರಲ್ಲಿ ವರ್ಷಾಂತ್ಯಕ್ಕೂ ಉಳಿದವರು ಮೊದಲನೆಯ ಕಡೆ 28, ಅಂದರೆ ಶೇಕಡ 70. ಎರಡನೆಯ ಕಡೆ 37, ಅಂದರೆ ಶೇಕಡ 92.5. ಉಳಿದವರನ್ನು ಎಣಿಸುವ ಈ ಎರಡನೆಯ ಮಾನಕ್ಕೆ ಸ್ಥಿರತಾ ಸೂಚ್ಯಂಕವೆಂದು ಹೆಸರು. ಮೊದಲನೆಯ ಕಡೆ ಆಸ್ಪತ್ರೆಯೇ ಅಸ್ವಸ್ಥವಾಗಿದೆ. ಎರಡನೆಯ ಕಡೆ ಮೂರು ಕುರ್ಚಿಗಳಲ್ಲಿ ಮಾತ್ರ ಮುಳ್ಳಿದೆ. ಒಂದೇ ಜ್ವರವೆಂದು ಎರಡಕ್ಕೂ ಒಂದೇ ಕಷಾಯವನ್ನು ಕುಡಿಸುವ ವೈದ್ಯನನ್ನು ನಾವು ಏನೆಂದು ಕರೆಯುತ್ತೇವೆಯೋ, ದರವೊಂದನ್ನೇ ನೋಡಿ ಆಜ್ಞೆ ಹೊರಡಿಸುವ ಆಡಳಿತಗಾರನನ್ನೂ ಹಾಗೆಯೇ ಕರೆಯಬಹುದು.

ಇದಕ್ಕಿಂತಲೂ ಕಠಿಣವಾದುದು 'ಬಿಟ್ಟುಹೋಗುವುದು' ಎಂಬ ಪದದ ಅರ್ಥನಿರ್ಣಯ. ಎಲ್ಲಿಂದ ಬಿಟ್ಟು? ಮಸ್ಕಿಯ ವೈದ್ಯರೊಬ್ಬರು 2011ರ ವರ್ಗಾವಣೆ ಕಾಯಿದೆಯಂತೆ ಕೌನ್ಸೆಲಿಂಗಿನಲ್ಲಿ ರಾಯಚೂರನ್ನು ಆರಿಸಿಕೊಂಡು ಹೋದರೆ ಬೆಂಗಳೂರಿನ ದೃಷ್ಟಿಯಲ್ಲಿ ಯಾರೂ ಎಲ್ಲಿಗೂ ಹೋಗಲಿಲ್ಲ. ಇಲಾಖೆಯ ಸಂಬಳದ ಪಟ್ಟಿಯಲ್ಲಿ ಅವರ ಹೆಸರು ಹಾಗೆಯೇ ಇದೆ. ಮಸ್ಕಿಯ ದೃಷ್ಟಿಯಲ್ಲಿಯಾದರೋ ಇದ್ದ ಒಬ್ಬ ವೈದ್ಯರೂ ಹೋದರು. ಆಸ್ಟ್ರೇಲಿಯದ ಉತ್ತರ ಪ್ರಾಂತದ ದೂರದ ಚಿಕಿತ್ಸಾಲಯಗಳನ್ನು ಅಭ್ಯಸಿಸಿದ ಸಂಶೋಧಕರು ಇದೇ ತೊಡಕನ್ನೆದುರಿಸಿ ಎರಡು ದರಗಳನ್ನು ಬೇರೆಬೇರೆಯಾಗಿ ಕೊಟ್ಟರು: ದೂರಪ್ರದೇಶದ ಸೇವೆಯನ್ನೇ ತ್ಯಜಿಸಿದವರದು ಒಂದು, ನಿರ್ದಿಷ್ಟ ಚಿಕಿತ್ಸಾಲಯವನ್ನು ತ್ಯಜಿಸಿದವರದು ಇನ್ನೊಂದು. ಎರಡನೆಯದು ನೂರನ್ನು ಮೀರಿದ್ದಿತು. ಹೊಸದಾಗಿ ಬಂದವರಲ್ಲಿ ಅರ್ಧದಷ್ಟು ಜನ ನಾಲ್ಕು ತಿಂಗಳೊಳಗಾಗಿ ಆ ಚಿಕಿತ್ಸಾಲಯವನ್ನು ಬಿಟ್ಟಿದ್ದರು. ನಮ್ಮಲ್ಲಿಯೂ ರಾಜ್ಯದ ದರ, ಜಿಲ್ಲೆಯ ದರ, ಆಸ್ಪತ್ರೆಯ ದರ ಎಂದು ಮೂರು ಬೇಕು; ರೋಗಿಗೆ ಸಂಬಂಧಿಸಿದ್ದು ಕೊನೆಯದು. ಕಾಲುವೆಯ ಕೊನೆಯ ಭಾಗದ ರೈತನಿಗೆ ಅಣೆಕಟ್ಟಿನಲ್ಲಿ ನೀರಿದೆಯೆಂಬ ಸಮಾಚಾರದಿಂದ ಗದ್ದೆ ನೆನೆಯುವುದಿಲ್ಲ.

ಇನ್ನು ನಿಯೋಜನೆಯೆಂಬ ಮಾಯೆಯೊಂದುಂಟು. ಸಂಬಳವು ಇಲ್ಲಿ, ಕೆಲಸವು ಅಲ್ಲಿ. ಹುದ್ದೆಯು ಭರ್ತಿ, ಕುರ್ಚಿಯು ಖಾಲಿ. ವೇದಾಂತಿಗಳು ಸದಸದ್ವಿಲಕ್ಷಣವೆಂದು ಯಾವುದನ್ನು ಕರೆದರೋ ಅದರ ಪ್ರತ್ಯಕ್ಷ ನಿದರ್ಶನವನ್ನು ಅವರಿಗೆ ನಮ್ಮ ಯಾವುದಾದರೊಂದು ತಾಲ್ಲೂಕು ಕಚೇರಿಯಲ್ಲಿ ತೋರಿಸಬಹುದಾಗಿದ್ದಿತು.

ಇದಕ್ಕೆ ವಿಪರೀತವಾಗಿ, ಮನುಷ್ಯರು ಕದಲದಿದ್ದರೂ ಕಾಗದದ ಮೇಲೆ ಹೋಗಿ ಬರುವುದುಂಟು. ಗುತ್ತಿಗೆಯ ನೌಕರರಿಗೆ ನವೀಕರಣದ ಸಮಯದಲ್ಲಿ ಒಂದು ದಿನದ ವಿರಾಮವನ್ನು ತೋರಿಸಿದರೆ, ಕುರುಡುಲೆಕ್ಕದವನಿಗೆ ಅದು ನೂರಕ್ಕೆ ನೂರು ನಿರ್ಗಮನ. ಹೊರಗುತ್ತಿಗೆಯ ಏಜೆನ್ಸಿಯು ಟೆಂಡರಿನಲ್ಲಿ ಬದಲಾದಾಗ ಅದೇ ಹೆಂಗಸು, ಅದೇ ಪೊರಕೆ, ಅದೇ ವಾರ್ಡು. ಭವಿಷ್ಯನಿಧಿಯ ದಾಖಲೆಯಲ್ಲಿ ಮಾತ್ರ ಆಕೆಯು ಒಂದು ಸಂಸ್ಥೆಯನ್ನು ಬಿಟ್ಟು ಮತ್ತೊಂದನ್ನು ಸೇರಿದಂತೆ. ಭವಿಷ್ಯನಿಧಿ ಸಂಘಟನೆಯು 2018ರಿಂದ ಪ್ರತಿ ತಿಂಗಳೂ ಪ್ರಕಟಿಸುತ್ತಿರುವ ಅಂಕಿಗಳನ್ನು ಓದುವವರು ಇದನ್ನು ಮರೆಯಬಾರದು. 2017-18ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಮಸ್ಕಿಯೂ ಒಂದಷ್ಟೆ. ನೆರೆಯ ತಾಲ್ಲೂಕುಗಳ ಹಳ್ಳಿಗಳು ಅದಕ್ಕೆ ಸೇರಿದ್ದರಿಂದ ಅಲ್ಲಿನ ಆರೋಗ್ಯ ಕೇಂದ್ರಗಳೂ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋದವು. ಹಳೆಯ ಲಿಂಗಸುಗೂರಿನ ಅಂಕಿಯನ್ನು ಹೊಸ ಲಿಂಗಸುಗೂರಿನ ಅಂಕಿಯೊಡನೆ ಹೋಲಿಸುವವನು ಒಬ್ಬ ನರ್ಸೂ ಕಾಲ್ತೆಗೆಯದಿದ್ದ ವರ್ಷದಲ್ಲಿ ಮಹಾಪ್ರಸ್ಥಾನವನ್ನೇ ಕಂಡಾನು. ತಾನೇ 1905ರವರೆಗೆ ಜಿಲ್ಲಾಕೇಂದ್ರವಾಗಿದ್ದು ಆಮೇಲೆ ತಾಲ್ಲೂಕಾಗಿ ಇಳಿದ ಲಿಂಗಸುಗೂರಿಗೆ ಕಾಗದದ ಮೇಲಿನ ಇಂತಹ ಏರಿಳಿತಗಳು ಹೊಸವೇನಲ್ಲ.

ಈಗ ಹಲಗೆಗೆ ಮರಳೋಣ. 'ಎಷ್ಟು ಜನ ಹೋದರು' ಎಂಬುದಕ್ಕಿಂತ 'ಎಷ್ಟು ಕಾಲ ನಿಂತರು' ಎಂಬುದು ಆ ಮುದುಕಿಯ ಪ್ರಶ್ನೆಗೆ ಹತ್ತಿರದ್ದು. ಇದನ್ನರಿಯಲು ನಮ್ಮ ಅಧಿಕಾರಿಗಳು ಹಿಡಿಯುವ ಮಾರ್ಗವೆಂದರೆ, ಒಂದು ದಿನ ಆಸ್ಪತ್ರೆಗೆ ಹೋಗಿ ಇದ್ದವರನ್ನೆಲ್ಲ "ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು?" ಎಂದು ಕೇಳಿ ಸರಾಸರಿ ತೆಗೆಯುವುದು. ಇದು ತಪ್ಪು, ಸಣ್ಣ ತಪ್ಪೂ ಅಲ್ಲ. ಎರಡು ತಿಂಗಳಿದ್ದು ಗಂಟುಮೂಟೆ ಕಟ್ಟಿದವರು ಆ ದಿನ ಉತ್ತರ ಹೇಳಲು ಅಲ್ಲಿರುವುದಿಲ್ಲ; ಇಪ್ಪತ್ತು ವರ್ಷ ಬೇರುಬಿಟ್ಟವರು ಯಾವ ದಿನ ಹೋದರೂ ಸಿಗುತ್ತಾರೆ. ಹೀಗಾಗಿ ಸರಾಸರಿಯು ಉಬ್ಬುತ್ತದೆ. ಹಾಗೆಂದು ಹಲಗೆಯ ಮೇಲಿನ ಪೂರ್ಣಗೊಂಡ ಅವಧಿಗಳನ್ನು ಮಾತ್ರ ಲೆಕ್ಕಿಸಿದರೆ, ಇನ್ನೂ ಕುಳಿತೇ ಇರುವವರ ದೀರ್ಘ ಸೇವೆಯು ಬಿಟ್ಟುಹೋಗಿ ಸರಾಸರಿಯು ಕುಗ್ಗುತ್ತದೆ. ಇದೇ ಇಕ್ಕಟ್ಟು ವೈದ್ಯರಿಗೂ ಇದ್ದಿತು: ರೋಗಿಗಳಲ್ಲಿ ಕೆಲವರು ತೀರಿಕೊಂಡರು, ಕೆಲವರು ಇನ್ನೂ ಬದುಕಿದ್ದಾರೆ, ಔಷಧದಿಂದ ಎಷ್ಟು ಕಾಲ ಬದುಕುತ್ತಾರೆಂದು ಹೇಳುವುದು ಹೇಗೆ? 1958ರಲ್ಲಿ ಕಪ್ಲಾನ್ ಮತ್ತು ಮೈಯರ್ ಎಂಬಿಬ್ಬರು ಮುಗಿದ ಆಯುಷ್ಯವನ್ನೂ ಮುಗಿಯದ ಆಯುಷ್ಯವನ್ನೂ ಒಂದೇ ಲೆಕ್ಕದಲ್ಲಿ ನ್ಯಾಯವಾಗಿ ಸೇರಿಸುವ ವಿಧಾನವನ್ನು ಕೊಟ್ಟರು. ರೋಗಿಯ ಆಯುಷ್ಯವನ್ನು ಅಳೆಯುವ ಆ ಕೋಲಿನಿಂದಲೇ, ರೋಗಿಯನ್ನು ನೋಡಿಕೊಳ್ಳುವವರ ಸೇವಾಯುಷ್ಯವನ್ನೂ ಅಳೆಯಬಹುದು.

ಅಳೆದರೆ ಏನು ಕಾಣುತ್ತದೆ? 1950ರಲ್ಲಿ ಲಂಡನ್ನಿನ ಗ್ಲೇಸಿಯರ್ ಲೋಹ ಕಾರ್ಖಾನೆಯ ಕಾರ್ಮಿಕರನ್ನು ಕುರಿತು ರೈಸ್, ಹಿಲ್, ಟ್ರಿಸ್ಟ್ ಎಂಬ ಮೂವರು ತೋರಿಸಿಕೊಟ್ಟ ಸಂಗತಿಯೆಂದರೆ, ಬಿಟ್ಟುಹೋಗುವ ಸಂಭವವು ಎಲ್ಲ ಕಾಲದಲ್ಲಿಯೂ ಸಮನಲ್ಲ. ಸೇರಿದ ಹೊಸತರಲ್ಲಿ ಅದು ಅತ್ಯಧಿಕ, ಆ ಆರಂಭದ ಕಂಟಕವನ್ನು ದಾಟಿದವರು ಕ್ರಮೇಣ ನೆಲೆನಿಲ್ಲುತ್ತಾರೆ. ನಾಟಿ ಮಾಡಿದ ಭತ್ತದ ಸಸಿಯು ಬೇರುಹಿಡಿಯುವ ಮೊದಲ ದಿನಗಳನ್ನು ನೋಡಿಕೊಂಡರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆಯೆಂದು ಇಲ್ಲಿನ ಯಾವ ರೈತನೂ ಹೇಳಿಯಾನು. ದೂರದ ಊರಿನಿಂದ ಒಬ್ಬಳೇ ಬಂದ ಇಪ್ಪತ್ತಮೂರರ ಸಮುದಾಯ ಆರೋಗ್ಯ ಅಧಿಕಾರಿಗೆ ಆ ಮೊದಲ ದಿನಗಳಲ್ಲಿ ವಾಸಕ್ಕೊಂದು ಕ್ವಾರ್ಟರ್ಸು, ಮೊದಲ ತಿಂಗಳ ಸಂಬಳ ಮೊದಲ ತಿಂಗಳಿನಲ್ಲಿಯೇ, ರಾತ್ರಿ ಕರೆ ಬಂದರೆ ಜೊತೆಗೊಬ್ಬರು; ಇಷ್ಟು ದೊರೆತರೆ ಆಕೆಯು ನಿಂತಾಳೆಂದು ನಾನು ನಂಬುತ್ತೇನೆ. ನಂಬಿಕೆಯನ್ನು ಪರೀಕ್ಷಿಸಲು ದಿನಾಂಕಗಳು ಬೇಕು, ಅವನ್ನು ನಾವು ಒಂದೆಡೆ ಸೇರಿಸಿಟ್ಟಿಲ್ಲ.

ಒಬ್ಬರು ಹೋದಾಗ ಹೋಗುವುದಾದರೂ ಏನು? ಹೊಸಬರನ್ನು ತರುವ ಖರ್ಚನ್ನು ಯಾರಾದರೂ ಲೆಕ್ಕ ಹಾಕಿಯಾರು. ನಾನು ಹೇಳುವುದು ಲೆಕ್ಕಕ್ಕೆ ಸಿಗದ ನಷ್ಟವನ್ನು. ಮಸ್ಕಿ, ಲಿಂಗಸುಗೂರಿನ ಒಣಭೂಮಿಯ ಹಳ್ಳಿಗಳಿಂದ ಸುಗ್ಗಿ ಮುಗಿದೊಡನೆ ಕುಟುಂಬಗಳು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ. ಯಾವ ಓಣಿಯ ಯಾವ ಬಸುರಿಯು ಏಳನೆಯ ತಿಂಗಳಲ್ಲಿ ಗುಳೆ ಹೋದಳು, ಬಾಣಂತನಕ್ಕೆ ತವರಿಗೆ ಬರುವಳೋ ಅಲ್ಲಿಯೇ ಶೆಡ್ಡಿನಲ್ಲಿ ಹಡೆಯುವಳೋ, ಆಕೆಯ ಹಿಂದಿನ ಹೆರಿಗೆಯಲ್ಲಿ ಏನಾಗಿತ್ತು ಎಂಬುದೆಲ್ಲ ತಾಯಿ ಕಾರ್ಡಿನಲ್ಲಿ ಅರ್ಧ, ಆ ಉಪಕೇಂದ್ರದ ಸಿಸ್ಟರಿನ ತಲೆಯಲ್ಲಿ ಅರ್ಧ ಇರುತ್ತದೆ. ಸಿಂಧನೂರಿನ ಸುತ್ತಣ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಮನೆಮಾತು ಬಂಗಾಳಿ, ಕಾಲುವೆಯ ಬದಿಯ ಕ್ಯಾಂಪುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಹೊಟ್ಟೆನೋವು ಎಲ್ಲಿ, ಹೇಗೆ, ಎಂದಿನಿಂದ ಎಂದು ಈ ಮೂರು ಭಾಷೆಗಳಲ್ಲಿ ಕೇಳುವುದನ್ನು ಕಲಿಯಲು ಒಬ್ಬಾಕೆಗೆ ಎರಡು ವರ್ಷ ಹಿಡಿಯಿತೆನ್ನಿ. ಮೂರನೆಯ ವರ್ಷ ಆಕೆ ರಿಲೀವ್ ಆದಳೆನ್ನಿ. ಹುದ್ದೆಯು ಮರುದಿನವೇ ಭರ್ತಿಯಾದರೂ ಆ ಮೂರು ಭಾಷೆಗಳು ಭರ್ತಿಯಾಗುವುದಿಲ್ಲ. ಚಾರ್ಜ್ ಪಟ್ಟಿಯಲ್ಲಿ ಮೇಜು, ಫ್ಯಾನು, ತೂಕದ ಯಂತ್ರ ಎಲ್ಲವನ್ನೂ ಎಣಿಸಿ ಸಹಿ ಹಾಕಿಸಿಕೊಳ್ಳುವ ನಾವು ಇದನ್ನು ಹಸ್ತಾಂತರಿಸಿಕೊಳ್ಳುವ ಕ್ರಮವನ್ನೇ ಕಂಡುಹಿಡಿದಿಲ್ಲ.

ಹೋಗುವವರನ್ನು ಕುರಿತು ಇಷ್ಟು ಮಾತನಾಡಿ, ಹೋಗಲಾರದವರನ್ನು ಮರೆತರೆ ನಾನು ಅರ್ಧಸತ್ಯವನ್ನು ನುಡಿದಂತಾದೀತು. ರಾಜ್ಯದಲ್ಲಿ ಸುಮಾರು 42,000 ಆಶಾ ಕಾರ್ಯಕರ್ತೆಯರಿದ್ದಾರೆ. ಅವರು ನೌಕರರಲ್ಲ, ಸ್ವಯಂಸೇವಕಿಯರು. ಅವರಿಗೆ ದೊರೆಯುವುದು ಸಂಬಳವಲ್ಲ, ಪ್ರೋತ್ಸಾಹಧನ. ಅಂಗನವಾಡಿಯವರದು ಗೌರವಧನ, ಅವರು ಸರ್ಕಾರದ ನಾಗರಿಕ ಹುದ್ದೆಯನ್ನು ಹೊಂದಿದವರಲ್ಲವೆಂದು 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದಿಂದ ಹೋದ ಮೇಲ್ಮನವಿಯೊಂದರಲ್ಲಿಯೇ ತೀರ್ಪಿತ್ತಿತು, 2022ರ ಏಪ್ರಿಲಿನಲ್ಲಿ ಅದೇ ನ್ಯಾಯಾಲಯವು ಅವರಿಗೆ ಗ್ರಾಚ್ಯುಟಿಯ ಹಕ್ಕುಂಟೆಂದು ಹೇಳಿತು. ಹುದ್ದೆಯೇ ಇಲ್ಲದವರು ಹುದ್ದೆಯನ್ನು ಬಿಡುವುದೆಂತು? ಆದುದರಿಂದ ಅವರ ನಿರ್ಗಮನಕ್ಕೆ ಛೇದವೂ ಇಲ್ಲ, ಅಂಶವೂ ಇಲ್ಲ. ಇಪ್ಪತ್ತೈದು ವರ್ಷ, ಮೂವತ್ತು ವರ್ಷ ಅದೇ ಕೇಂದ್ರದಲ್ಲಿ ಅದೇ ಮಕ್ಕಳ ಮಕ್ಕಳಿಗೆ ಅನ್ನ ಬಡಿಸುತ್ತ ನಿಂತವರನ್ನು ಈ ಸಭೆಯಲ್ಲಿಯೇ ಕಾಣುತ್ತಿದ್ದೇನೆ. ಇವರ ನಿರ್ಗಮನದರವು ಶೂನ್ಯಕ್ಕೆ ಸಮೀಪವೆಂದು ಹಿಗ್ಗಬಾರದು. ಬೇರೆ ದಾರಿಯಿಲ್ಲದೆ ನಿಂತವರೂ ತೃಪ್ತಿಯಿಂದ ನಿಂತವರೂ ಅಂಕಿಯಲ್ಲಿ ಒಂದೇ ಬಗೆಯಾಗಿ ಕಾಣುತ್ತಾರೆ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆಶಾ ಕಾರ್ಯಕರ್ತೆಯರು ಹಗಲಿರುಳು ಕುಳಿತಾಗ ಆ ಬಗೆಗಳ ಅಂತರವು ನಾಡಿಗೆ ಕಾಣಿಸಿತು.

ಸಂವಿಧಾನದ 371(ಜೆ) ವಿಧಿಯು 2013ರ ಅಕ್ಟೋಬರಿನಿಂದ ಜಾರಿಗೆ ಬಂದು, ಶ್ರೇಣಿಯನ್ನನುಸರಿಸಿ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಶೇಕಡ 75ರಿಂದ 85ರವರೆಗೆ ಈ ಭಾಗದವರಿಗೆ ಮೀಸಲಾದವು. ಗ್ರಾಮೀಣ ಹಿನ್ನೆಲೆಯವರು ಗ್ರಾಮಗಳಲ್ಲಿ ಹೆಚ್ಚು ಕಾಲ ನಿಲ್ಲುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಹೊರಡಿಸಿದ ಶಿಫಾರಸುಗಳ ಒಂದು ಆಧಾರಸ್ತಂಭ. ನಮ್ಮೂರಿನ ಮಗಳು ನಮ್ಮೂರಿನಲ್ಲಿ ನಿಂತಳೆ? ಒಂದು ದಶಕಕ್ಕೂ ಮೀರಿ ನಡೆದ ಪ್ರಯೋಗದ ಫಲವನ್ನು ಓದಿ ಹೇಳಲು ಬೇಕಾದ ಸಾಮಗ್ರಿಯೆಲ್ಲ ಸಂಬಳದ ಗಣಕಯಂತ್ರದಲ್ಲಿಯೂ ಸೇವಾಪುಸ್ತಕಗಳಲ್ಲಿಯೂ ಬಿದ್ದಿದೆ. ವೈದ್ಯಪದವೀಧರರಿಗೆ ಒಂದು ವರ್ಷದ ಸೇವೆಯನ್ನು ವಿಧಿಸಿದ 2012ರ ಕಾಯಿದೆಯ ಫಲವನ್ನೂ ಹಾಗೆಯೇ ಓದಬೇಕು; ಹನ್ನೆರಡನೆಯ ತಿಂಗಳ ಕೊನೆಗೆ ಹೋಗುವುದು ನಿಶ್ಚಯವಾದವರಿಂದ ತುಂಬಿದ ಹುದ್ದೆಯನ್ನು ತುಂಬಿದ್ದೆನ್ನುವುದು ನನಗೆ ಸಮ್ಮತವಲ್ಲ.

ಸರ್ಕಾರವು ಎಂದಾದರೊಂದು ದಿನ ಇದನ್ನೆಲ್ಲ ಮಾಡೀತು. ಅಷ್ಟರವರೆಗೆ ಕಾಯಬೇಕಾಗಿಲ್ಲವೆಂಬುದೇ ನನ್ನ ಬಿನ್ನಹ. ವೈದ್ಯಾಧಿಕಾರಿಗೆ ಹಲಗೆಯಿದೆ; ಶುಶ್ರೂಷಕಿಗೆ, ಔಷಧ ಕೊಡುವವನಿಗೆ, ರಕ್ತ ಪರೀಕ್ಷಿಸುವವಳಿಗೆ, ನೆಲ ಒರೆಸುವವಳಿಗೆ, ಆಶಾಗೆ, ಅಂಗನವಾಡಿಯ ಸಹಾಯಕಿಗೆ ಹಲಗೆಯಿಲ್ಲ. ಇನ್ನೂರು ಪುಟದ ಒಂದು ನೋಟುಪುಸ್ತಕವನ್ನು ಪ್ರತಿಯೊಂದು ದವಾಖಾನೆಯಲ್ಲಿಯೂ, ಅಂಗನವಾಡಿಗಳ ವಲಯಕ್ಕೊಂದರಂತೆಯೂ ಇಡಿ. ಹೆಸರು, ಬಂದ ದಿನ, ಹೋದ ದಿನ, ಹೋದದ್ದೆಲ್ಲಿಗೆ ಮತ್ತು ಏಕೆ. ಏಕೆಯೆಂಬುದನ್ನು ಹೋಗುವವರ ಕೈಯಿಂದಲೇ ಬರೆಯಿಸಿ, ಮೇಲಧಿಕಾರಿಯ ಕೈಯಿಂದ ಬೇಡ. ನಿಯೋಜನೆಯ ಮೇಲೆ ಹೋದವರನ್ನು ಹೋದವರೆಂದೇ ಬರೆಯಿರಿ. ಏಜೆನ್ಸಿ ಬದಲಾದವರನ್ನು ಇದ್ದವರೆಂದೇ ಬರೆಯಿರಿ. ಈ ಸಭಾಂಗಣದ ಬಾಗಿಲಲ್ಲಿ ಅಂತಹ ಕೆಲವು ಪುಸ್ತಕಗಳನ್ನು ಗೆರೆ ಎಳೆಸಿ ಇಡಿಸಿದ್ದೇನೆ. ಹೋಗುವಾಗ ನಿಮ್ಮ ದವಾಖಾನೆಗೆ ಒಂದನ್ನು ತೆಗೆದುಕೊಂಡು ಹೋಗಿ, ಮೊದಲನೆಯ ಸಾಲಿನಲ್ಲಿ ನಿಮ್ಮ ಹೆಸರನ್ನೂ ಬಂದ ದಿನವನ್ನೂ ಬರೆದು, ಉಳಿದ ಕಲಮುಗಳನ್ನು ಸದ್ಯಕ್ಕೆ ಖಾಲಿ ಬಿಡಬೇಕೆಂದು ಪ್ರಾರ್ಥಿಸುತ್ತೇನೆ.